ಡಿಆರ್‌ಎಂಗೆ ಕನ್ನಡದಲ್ಲಿ 'ಬೀಗ' ಅನ್ನಬಹುದೇ?

ಗೆಳೆಯರೇ,

ಇ-ಪುಸ್ತಕಗಳ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಡಿಆರ್‌ಎಂ (ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್) ಅನ್ನುವುದಕ್ಕೆ 'ಡಿಜಿಟಲ್ ಹಕ್ಕುಗಳ ನಿರ್ವಹಣೆ' ಎಂದಿದೆ. ಓದಿದವರಿಗೆ ಇದು ಓದುಗರ ಹಕ್ಕು ಕಾಯುವ ಏರ್ಪಾಡು ಅನ್ನಿಸುತ್ತದೆ, ಅಲ್ವಾ? ಅದು ಮಾಡುವ ಕೆಲಸವೇ ಬೇರೆ. ಪುಸ್ತಕದ ಫೈಲನ್ನು ಗೂಢಲಿಪಿಯಲ್ಲಿ ಮುಚ್ಚಿಡುತ್ತದೆ. ತೆರೆಯುವ ಕೀಲಿ ನಿಮ್ಮ ಖಾತೆಗೆ, ನಿಮ್ಮ ಸಾಧನಕ್ಕೆ ಮಾತ್ರ ಸಿಗುತ್ತದೆ. ಅದನ್ನು ಕೊಡುವ ಅಧಿಕಾರ ಮಾರಿದವರ ಕೈಲೇ ಉಳಿಯುತ್ತದೆ. ಮುಕ್ತ ತಂತ್ರಾಂಶ ಚಳವಳಿ ಕಟ್ಟಿದ ರಿಚರ್ಡ್ ಸ್ಟಾಲ್ಮನ್ ಇದನ್ನು 'ನಿರ್ಬಂಧಗಳ ನಿರ್ವಹಣೆ' ಅನ್ನುತ್ತಾರೆ. ನನಗೆ 'ಡಿಜಿಟಲ್ ಬೀಗ' ಸಾಕು. 'ಬೀಗವಿಲ್ಲದ ಪುಸ್ತಕ' ಎಂದರೆ ಯಾರಿಗೂ ವಿವರಿಸಬೇಕಿಲ್ಲ.

ಆದರೆ 'ಬೀಗ ಮುರಿ' ಎಂದ ಕೂಡಲೇ ಕಳ್ಳತನದ ವಾಸನೆ ಬರುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಕೃತಿಸ್ವಾಮ್ಯದ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು. ಕಾಯ್ದೆಯೇ ಬೇಡವೆನ್ನದ ಕೆಲಸಕ್ಕಾದರೆ ತಪ್ಪಿಲ್ಲ. ಕಣ್ಣು ಕಾಣದವರಿಗೆಂದು ಪುಸ್ತಕವನ್ನು ಕೇಳುವ ರೂಪಕ್ಕೆ ತರುವುದನ್ನು ಅದೇ ಕಾಯ್ದೆ ಒಪ್ಪುತ್ತದೆ. ಅಂಥ ಕಡೆ 'ಬೀಗ ತೆಗೆ' ಎಂದು ಬಳಸೋಣವೇ? ಈ ವ್ಯತ್ಯಾಸ ಉಳಿಯಲೇಬೇಕು ಅನ್ನುವುದು ನನ್ನ ಹಟ.

ಇನ್ನೂ ಜಾಸ್ತಿ ತೊಡಕು 'ಕೊಳ್ಳು' ಅನ್ನುವುದರಲ್ಲಿದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಮಳಿಗೆ ಮುಚ್ಚಿತು. ದುಡ್ಡು ವಾಪಸ್ ಬಂತು, ಪುಸ್ತಕಗಳು ಮಾಯವಾದವು. ಕೊಂಡದ್ದು ಹೀಗೆ ಹೋಗುತ್ತದೆಯೇ? ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಇಂಥ ಸರಕಿಗೆ 'ಕೊಳ್ಳಿ' ಎಂಬ ಗುಂಡಿ ಇಡುವವರು ಇದು ಬರೀ ಬಳಕೆಯ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಬೇಕು. ನಮ್ಮಲ್ಲಿ 'ಭೋಗ್ಯ' ಇದೆ: ಒಟ್ಟಿಗೆ ದುಡ್ಡು ಕೊಟ್ಟು, ಮನೆಯಲ್ಲಿದ್ದು, ಬಿಡುವಾಗ ದುಡ್ಡು ಹಿಂದೆ ಪಡೆಯುವುದು. ಹತ್ತಿರ ಬರುತ್ತದೆ, ಆದರೆ ಇ-ಪುಸ್ತಕದಲ್ಲಿ ದುಡ್ಡು ಮರಳುವ ಭರವಸೆ ಇಲ್ಲ. 'ಓದಲು ಪಡೆ' ಎಂದರೆ ಹೇಗೆ?

ಮುಂದಿನ ದಿನಗಳಿಗೆ ಇನ್ನೊಂದು ಪದವೂ ಬೇಕು. 2009ರಲ್ಲಿ ಆಪಲ್ ತಾನು ಮಾರುವ ಹಾಡುಗಳ ಬೀಗ ತೆಗೆಯಿತು. ಈಗ ಹಾಡು ಕೊಳ್ಳುವವರೇ ಕಡಿಮೆ, ತಿಂಗಳ ಹಣ ಕಟ್ಟಿ ಕೇಳುತ್ತೇವೆ. ಕಟ್ಟುವುದು ನಿಂತರೆ ಇಳಿಸಿಟ್ಟ ಹಾಡೂ ತೆರೆಯುವುದಿಲ್ಲ. ಪುಸ್ತಕಗಳೂ ಇದೇ ದಾರಿ ಹಿಡಿಯುತ್ತಿವೆ. ಇದಕ್ಕೆ 'ಚಂದಾ' ಅನ್ನುತ್ತಿದ್ದೇವೆ. ಪತ್ರಿಕೆಯ ಚಂದಾ ನಿಲ್ಲಿಸಿದರೂ ಹಳೆಯ ಸಂಚಿಕೆಗಳು ಮನೆಯಲ್ಲೇ ಇರುತ್ತಿದ್ದವು. ಏನೂ ಉಳಿಯದ ಈ ವ್ಯವಹಾರಕ್ಕೂ ಅದೇ ಪದ ಸಾಕೇ? ನಿಮ್ಮ ಕಡೆ ಬಳಕೆಯಲ್ಲಿರುವ ಪದ ಇದ್ದರೆ, ವಾಕ್ಯದ ಜೊತೆಗೇ ತಿಳಿಸಿ.