ರಾತ್ರಿ ರಾಗಿ ಸರಿ ತಿನ್ನಿಸಿದರೆ ಮಗು ಬೆಳಗಿನವರೆಗೂ ಮಲಗುತ್ತಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಗ್ರೂಪಿನಲ್ಲಿ ಜಾಸ್ತಿ ಜಗಳ ಆಗಿದ್ದು ಇದೇ ವಿಷಯಕ್ಕೆ. ಮಲಗಿಸುವ ಮುಂಚೆ ರಾಗಿ ಸರಿ, ಅಕ್ಕಿ ಗಂಜಿ, ಡಬ್ಬದ ಸೀರಿಯಲ್ ಕೊಟ್ಟರೆ ಮಗು ರಾತ್ರಿ ಏಳೋದಿಲ್ಲ ಅನ್ನೋದು ನಿಜವಾ? ಎಂಟು ಗಂಟೆಯಿಂದ ನಮ್ಮ ಮಕ್ಕಳ ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ವಯಸ್ಸು, ತೂಕ ಬರೆದೇ ಕೇಳಿ. ಫಾರ್ವರ್ಡ್ ಹಾಕಬೇಡಿ, ಕೈ ಮುಗಿಯುತ್ತೇನೆ.

ಮಂಡ್ಯದ ಅಮ್ಮ: ಮೇಡಂ, ಮಗಳಿಗೆ ನಾಲ್ಕೂವರೆ ತಿಂಗಳು, 6.3 ಕೆಜಿ. ಬರೀ ಎದೆಹಾಲು. ಮೊದಲು ರಾತ್ರಿ ಒಂದೇ ಸಮ ನಾಲ್ಕೈದು ಗಂಟೆ ಮಲಗುತ್ತಿದ್ದಳು. ಈಗ ಹದಿನೈದು ದಿನದಿಂದ ಒಂದೂವರೆ ಗಂಟೆಗೊಮ್ಮೆ ಏಳುತ್ತಾಳೆ. ಅತ್ತೆ "ನಿನ್ನ ಹಾಲು ಸಾಲ್ತಿಲ್ಲ, ರಾತ್ರಿ ಹೊತ್ತು ತೆಳ್ಳಗೆ ರಾಗಿ ಸರಿ ಹಾಕು, ಗಡದ್ದಾಗಿ ನಿದ್ದೆ ಮಾಡುತ್ತೆ" ಅಂತಾರೆ. ಹಾಕಬಹುದಾ?

ಡಾಕ್ಟರ್: ಬೇಡ. ತೂಕ ಚೆನ್ನಾಗಿದೆ, ಅಂದರೆ ಹಾಲು ಸಾಲುತ್ತಿದೆ. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮಗುವಿನ ನಿದ್ದೆಯ ರೀತಿಯೇ ಬದಲಾಗುತ್ತದೆ. ಗಾಢ ನಿದ್ದೆ, ಅರೆನಿದ್ದೆ ಅಂತ ಸುತ್ತುಗಳು ದೊಡ್ಡವರ ಹಾಗೆ ಶುರುವಾಗುತ್ತವೆ, ಒಂದೊಂದು ಸುತ್ತು ಸುಮಾರು ಒಂದು ಗಂಟೆ. ಸುತ್ತು ಮುಗಿದಾಗ ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಮಗು ಪೂರ್ತಿ ಎಚ್ಚರಾಗಿ ಅಮ್ಮನನ್ನು ಹುಡುಕುತ್ತದೆ. ಇದನ್ನೇ ಮನೆಯವರು ಹಸಿವು ಅಂದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ, 1989ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಐದು ವಾರದಿಂದಲೇ ಮಲಗುವ ಮುಂಚೆ ಸೀರಿಯಲ್, ಉಳಿದವರಿಗೆ ನಾಲ್ಕು ತಿಂಗಳಾದ ಮೇಲೆ. ರಾತ್ರಿ ಪೂರ್ತಿ ಮಲಗುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ.

ಸಂಜೆ ಆರರಿಂದ ಒಂಬತ್ತರವರೆಗೆ ಪದೇ ಪದೇ ಹಾಲು ಕುಡಿಸಿ. ರಾತ್ರಿ ಎದ್ದಾಗ ದೊಡ್ಡ ಲೈಟ್ ಬೇಡ, ಮಾತು ಬೇಡ, ಮೊಬೈಲ್ ಅಂತೂ ಬೇಡವೇ ಬೇಡ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿ, ಅದೂ ಹಗಲಲ್ಲಿ, ಕೂರಿಸಿಕೊಂಡು, ಚಮಚದಲ್ಲಿ.

ಹಾಸನ ಪುಟ್ಟಿ: ಮೇಡಂ ಐದು ತಿಂಗಳ ಮಗು, ರಾತ್ರಿ ಮಾತ್ರ ರಾಗಿ ಸರಿ ಕೊಡಬಹುದಾ?

ಡಾಕ್ಟರ್: ಮೇಲೆ ಉತ್ತರ ಇದೆ. ಆರು ತಿಂಗಳು.

ಮೊದಲ ಮಗು ಮೊದಲ ಸಲ: ಐದು ತಿಂಗಳು ಇಪ್ಪತ್ತು ದಿನ ಆಗಿದೆ, ಪರವಾಗಿಲ್ವಾ?

ಡಾಕ್ಟರ್: ಹತ್ತು ದಿನ ಕಾಯಿರಿ.

ತುಮಕೂರಿನ ಅಜ್ಜಿ: ನಾನು ಮೂರು ಮಕ್ಕಳನ್ನು ಮೂರು ತಿಂಗಳಿಗೇ ರಾಗಿ ಸರಿ ಹಾಕಿ ಬೆಳೆಸಿದೆ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಬಿಳಿ ಪಂಚೆಯಲ್ಲಿ ವಸ್ತ್ರಗಾಳಿ ಹಿಡಿಯುತ್ತಿದ್ದೆವು. ಮೂವರೂ ಗಟ್ಟಿಯಾಗಿದ್ದಾರೆ. ಈಗಿನವರಿಗೆ ಎಲ್ಲಕ್ಕೂ ಭಯ.

ಡಾಕ್ಟರ್: ಅಜ್ಜಿ, ನೀವು ಹೇಳಿದ ವಿಧಾನಕ್ಕೆ ಕೈ ಮುಗಿಯುತ್ತೇನೆ. ಮೊಳಕೆ ಕಟ್ಟಿದರೆ ರಾಗಿ ಸುಲಭವಾಗಿ ಜೀರ್ಣ ಆಗುತ್ತದೆ, ಅದರಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಸ್ವಲ್ಪ ಜಾಸ್ತಿ ಹತ್ತುತ್ತದೆ. ನನ್ನ ತಕರಾರು ರಾಗಿಯ ಮೇಲಲ್ಲ, ತಿಂಗಳಿನ ಮೇಲೆ. ಮೂರು ತಿಂಗಳ ಮಗುವಿಗೆ ಕತ್ತು ಸರಿಯಾಗಿ ನಿಂತಿರೋದಿಲ್ಲ, ನಾಲಿಗೆ ಗಟ್ಟಿ ಆಹಾರವನ್ನು ಹೊರಗೇ ತಳ್ಳುತ್ತದೆ. ಜೊತೆಗೆ ಸರಿ ಹೊಟ್ಟೆ ಸೇರಿದಷ್ಟೂ ಎದೆಹಾಲು ಕುಡಿಯೋದು ಕಡಿಮೆ ಆಗುತ್ತದೆ.

ಎರಡು ಮಕ್ಕಳ ತಾಯಿ: ಅಜ್ಜಿಯವರೇ, ಬದುಕಿ ಉಳಿದವರ ಲೆಕ್ಕ ಮಾತ್ರ ಎಲ್ಲರೂ ಹೇಳ್ತಾರೆ. ಆಗ ಎಷ್ಟು ಕೂಸುಗಳು ಹೋಗುತ್ತಿದ್ದವು ಅಂತ ಯಾರು ಹೇಳ್ತಾರೆ?

ತುಮಕೂರಿನ ಅಜ್ಜಿ: ನಿಮ್ಮ ಮನೆಯಲ್ಲಿ ಬಾಣಂತನ ಮಾಡಿದವರು ಯಾರಮ್ಮ? ಗೂಗಲ್ಲಾ?

ಎರಡು ಮಕ್ಕಳ ತಾಯಿ: ಗೂಗಲ್ ಆದರೆ ಕೊನೇಪಕ್ಷ ಚುಚ್ಚಿ ಮಾತಾಡೋದಿಲ್ಲ.

ಅವಳಿ ಅಮ್ಮ: ಮೇಡಂ, ನನಗೆ ಅವಳಿ ಮಕ್ಕಳು. ದಿನ ತುಂಬುವ ಮೊದಲೇ, ಏಳೂವರೆ ತಿಂಗಳಿಗೇ ಹುಟ್ಟಿದ್ದು. ಆರು ತಿಂಗಳು ಅಂದರೆ ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಕಾ, ಡೇಟ್ ಕೊಟ್ಟಿದ್ದ ದಿನದಿಂದಲಾ?

ಬಾಗಲಕೋಟೆ ಅಕ್ಕ: ಇದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ. "ಮಗು ರಾತ್ರಿ ಅಳುತ್ತಿದೆಯೇ? ಬಜೆ, ಜಾಯಿಕಾಯಿ ಕಲ್ಲಿನ ಮೇಲೆ ತೇಯ್ದು, ಚಿಟಿಕೆ ಗಸಗಸೆ ಅರೆದು, ಜೇನಿನಲ್ಲಿ ನೆಕ್ಕಿಸಿ. ಹತ್ತು ಗಂಟೆ ಗಾಢ ನಿದ್ರೆ ಖಚಿತ. ಅಡ್ಡ ಪರಿಣಾಮ ಇಲ್ಲ."

ಡಾಕ್ಟರ್: ಅಡ್ಡ ಪರಿಣಾಮ ಇಲ್ಲ ಅಂತ ಬರೆದವರು ಯಾರು? ಅವರ ಹೆಸರು ಎಲ್ಲಿದೆ?

ಜೇನು: ಒಂದು ವರ್ಷದ ಒಳಗೆ ಒಂದು ಹನಿಯೂ ಬೇಡ. ಅದರಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ಎಳೆ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಉಂಟುಮಾಡುತ್ತವೆ. ಮಲಬದ್ಧತೆ, ಸಣ್ಣ ಅಳು, ಕೈಕಾಲು ಜೋತು ಬೀಳೋದು, ಆಮೇಲೆ ಉಸಿರಿಗೇ ತೊಂದರೆ. ಕಾಯಿಸಿದ ಜೇನಾದರೂ ಅಷ್ಟೇ, ಮನೆಯ ಕಾವಿಗೆ ಬೀಜಕ ಸಾಯೋದಿಲ್ಲ. ಗಸಗಸೆ: ಅಫೀಮಿನ ಗಿಡದ್ದೇ ಬೀಜ. ಕಾಯಿಯ ರಸ ಬೀಜಕ್ಕೆ ಮೆತ್ತಿಕೊಂಡಿರುತ್ತದೆ, ಒಂದು ಪೊಟ್ಟಣದಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಎಳೆ ಮಗುವಿನ ಉಸಿರಾಟ ನಿಧಾನ ಆಗೋದಕ್ಕೆ ಸ್ವಲ್ಪವೇ ಸಾಕು. ಜಾಯಿಕಾಯಿ, ಬಜೆ ಕೂಡ ಮಂಪರು ತರಿಸುತ್ತವೆ. ಅದು ನಿದ್ದೆ ಅಲ್ಲ.

ದಯವಿಟ್ಟು ಆ ಪೋಸ್ಟ್ ತೆಗೆಯಿರಿ.

ಬಾಗಲಕೋಟೆ ಅಕ್ಕ: ಒಳ್ಳೇದು ಮಾಡೋಕೆ ಬಂದರೆ ಹೀಗೆ. ಆಯುರ್ವೇದ ಅಂದರೆ ಅಲೋಪತಿಯವರಿಗೆ ಮೈ ಉರಿ.

ಡಾಕ್ಟರ್: ಗಸಗಸೆಗೆ ಪದ್ಧತಿ ಗೊತ್ತಿಲ್ಲ ಅಕ್ಕ. ಯಾರು ಕೊಟ್ಟರೂ ಅಷ್ಟೇ ಕೆಲಸ ಮಾಡುತ್ತದೆ.

ಟೆಕ್ಸಾಸ್ ಕನ್ನಡತಿ: ಇಲ್ಲಿ ನನ್ನ ಅಮೆರಿಕನ್ ಅತ್ತೆ ಬಾಟಲಿಗೇ ರೈಸ್ ಸೀರಿಯಲ್ ಹಾಕು ಅಂತಾರೆ. ಆದರೆ 2018ರಲ್ಲಿ ಲಂಡನ್ನಿನ ಒಂದು ಅಧ್ಯಯನ ಬಂದಿತ್ತಲ್ಲ, ಮೂರು ತಿಂಗಳಿಗೇ ಆಹಾರ ಶುರು ಮಾಡಿದ ಮಕ್ಕಳು ಜಾಸ್ತಿ ಮಲಗಿದರು ಅಂತ. ನೀವು 1989ರದ್ದು ಮಾತ್ರ ಹೇಳಿದ್ದೀರಿ.

ಡಾಕ್ಟರ್: ಒಳ್ಳೆಯ ಪ್ರಶ್ನೆ. ಹೌದು, ಇದೆ. ಸುಮಾರು 1,300 ಮಕ್ಕಳು. ವ್ಯತ್ಯಾಸ ಅತಿ ಹೆಚ್ಚಿದ್ದದ್ದು ಆರನೇ ತಿಂಗಳಲ್ಲಿ, ಆಗಲೂ ರಾತ್ರಿಗೆ ಸುಮಾರು 16 ನಿಮಿಷ. ರಾತ್ರಿ ಎರಡು ಸಲ ಏಳುವ ಕಡೆ 1.74 ಸಲ. ಅದೂ ತಂದೆತಾಯಿಯರೇ ಬರೆದುಕೊಟ್ಟ ಲೆಕ್ಕ, ಯಾವ ಗುಂಪಿನಲ್ಲಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ಮಕ್ಕಳೆಲ್ಲ ದಿನ ತುಂಬಿ ಹುಟ್ಟಿದವರು, ಆರೋಗ್ಯವಾಗಿದ್ದವರು, ಅಲರ್ಜಿ ತಡೆಯಬಹುದಾ ಅಂತ ನೋಡಲು ಮಾಡಿದ ಅಧ್ಯಯನ ಅದು. ಹದಿನಾರು ನಿಮಿಷ ಯಾರಿಗೆ ಸಾಕು ಹೇಳಿ?

ಬಾಟಲಿಗೆ ಸೀರಿಯಲ್ ಅಂತೂ ಬೇಡ, ನಿಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೂ ಅದನ್ನೇ ಹೇಳುತ್ತದೆ. ಜೊತೆಗೆ ಅಕ್ಕಿ ಸೀರಿಯಲ್ಲಿನಲ್ಲಿ ಆರ್ಸೆನಿಕ್ ಅನ್ನೋ ವಿಷದ ಅಂಶದ ಪ್ರಶ್ನೆಯೂ ಇದೆ. ಅದಕ್ಕೇ 2020ರಲ್ಲಿ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಮಿತಿ ಹಾಕಿದೆ.

ಶಿವಮೊಗ್ಗ: ನನ್ನ ಮಗನಿಗೆ ಕುಡಿದಿದ್ದೆಲ್ಲ ವಾಂತಿ ಆಗುತ್ತಿತ್ತು. ನಮ್ಮ ಡಾಕ್ಟರೇ ಹಾಲು ಗಟ್ಟಿ ಮಾಡಿ ಕೊಡಿ ಅಂದರು. ಅದೂ ತಪ್ಪಾ?

ಡಾಕ್ಟರ್: ಅಲ್ಲ. ಅದು ರಿಫ್ಲಕ್ಸ್‌ಗೆ, ಅಂದರೆ ಕುಡಿದ ಹಾಲು ಹೊಟ್ಟೆಯಿಂದ ಮತ್ತೆ ಮೇಲೆ ಬರುವ ತೊಂದರೆಗೆ ಕೊಡುವ ಚಿಕಿತ್ಸೆ, ಮಗುವನ್ನು ನೋಡಿ ಹೇಳಿದ್ದು. ನೀವು ಅವರ ಮಾತನ್ನೇ ಕೇಳಿ.

ಹೊಸ ಸದಸ್ಯೆ: ಮನೆಯಲ್ಲೇ ಮಾಡಿದ ಸರಿ ಪುಡಿ, 32 ಬಗೆಯ ಧಾನ್ಯ, ಡ್ರೈಫ್ರೂಟ್ಸ್, 4 ತಿಂಗಳಿಂದ ಕೊಡಬಹುದು, ರಾತ್ರಿ ಒಳ್ಳೆ ನಿದ್ದೆ. ಬೇಕಾದವರು ಇನ್‌ಬಾಕ್ಸ್ ಮಾಡಿ.

ಡಾಕ್ಟರ್: ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಮಾಡೋದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. 1992ರ ಕಾಯ್ದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. 32 ಸಾಮಾನು ಒಟ್ಟಿಗೆ ಹಾಕಿ ಮಗುವಿಗೆ ದದ್ದು ಬಂದರೆ ಯಾವುದರಿಂದ ಅಂತ ಹುಡುಕುತ್ತೀರಿ?

ಅಡ್ಮಿನ್: ತೆಗೆಯುತ್ತಿದ್ದೇನೆ ಮೇಡಂ.

ಮೈಸೂರು ಅಪ್ಪ: ಮಗನಿಗೆ ಎಂಟು ತಿಂಗಳು, 8.1 ಕೆಜಿ. ರಾತ್ರಿ ಎಂಟಕ್ಕೆ ಒಂದು ಬಟ್ಟಲು ರಾಗಿ ಸರಿ ತಿನ್ನುತ್ತಾನೆ, ಆದರೂ ಮೂರು ಸಲ ಏಳುತ್ತಾನೆ. ಹೆಂಡತಿಗೆ ನಿದ್ದೆ ಇಲ್ಲದೆ ಸಾಕಾಗಿದೆ.

ಡಾಕ್ಟರ್: ಎಂಟು ತಿಂಗಳಿಗೆ ರಾತ್ರಿ ಊಟವಾಗಿ ರಾಗಿ ಸರಿ ಚೆನ್ನಾಗಿದೆ, ನಿದ್ದೆ ಔಷಧಿ ಅಂತ ನೋಡಬೇಡಿ. ಬರೀ ರಾಗಿ ಸಾಲದು. ಕ್ಯಾಲ್ಸಿಯಂ ಧಾರಾಳ ಇದೆ, ಕಬ್ಬಿಣ ಮೈಗೆ ಹತ್ತೋದು ಕಡಿಮೆ. ಬೇಳೆ, ಸೊಪ್ಪು, ತುಪ್ಪ ಹಾಕಿ ಮಸೆದ ಅನ್ನ, ತಿನ್ನುವವರಾದರೆ ಮೊಟ್ಟೆ, ಸಣ್ಣಗೆ ಮಾಡಿದ ಮಾಂಸ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ಅವರು ಹೇಳಿದ ಹಾಗೆ ವಾರಕ್ಕೆ ಎರಡು ಸಲ ಹಾಕಿ, ಅಲಮಾರಿಯಲ್ಲಿ ಇಡಬೇಡಿ. ಹೆಂಡತಿಯ ನಿದ್ದೆಗೆ ಉಪಾಯ ನೀವೇ. ಮೂರು ಸಲದಲ್ಲಿ ಒಂದು ಸಲ ನೀವೆದ್ದು ತಟ್ಟಿ ಮಲಗಿಸಿ.

ಕೋಲಾರ: ನೆಗಡಿ ಸಿರಪ್ ಕೊಟ್ಟರೆ ಮಗು ಚೆನ್ನಾಗಿ ಮಲಗುತ್ತೆ, ನಾವು ಅದನ್ನೇ ಕೊಡೋದು.

ಡಾಕ್ಟರ್: ನಿಲ್ಲಿಸಿ. ನೆಗಡಿ ಸಿರಪ್ಪುಗಳಲ್ಲಿ ಬರುವ ಕ್ಲೋರ್ಫೆನಿರಮೈನ್, ಫಿನೈಲೆಫ್ರಿನ್ ಜೋಡಿ ಔಷಧವನ್ನು ನಾಲ್ಕು ವರ್ಷದೊಳಗೆ ಕೊಡಬಾರದು ಅಂತ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಹೆಸರು ಬೇಡ: ಮೇಡಂ, ಮಗನಿಗೆ ಎರಡೂವರೆ ತಿಂಗಳು. ಹುಟ್ಟಿದಾಗ 2.4 ಕೆಜಿ, ಹೋದ ವಾರ ಅಂಗನವಾಡಿಯಲ್ಲಿ 3.3. ಅತ್ತೆ ಎರಡು ವಾರದಿಂದ ರಾತ್ರಿ ರಾಗಿ ಸರಿ ಹಾಕುತ್ತಿದ್ದಾರೆ. ಕಾಲು ಚಾಚಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನುಂಗದಿದ್ದರೆ ಮೂಗು ಹಿಡಿದು ಒಳಲೆಯಲ್ಲಿ ಹೊಯ್ಯುತ್ತಾರೆ. ಮೊದಲು ಕೆಮ್ಮುತ್ತಿದ್ದ. ಈಗ ಏಳೆಂಟು ಗಂಟೆ ಮಲಗುತ್ತಾನೆ, ಹಾಲಿಗೂ ಏಳೋದಿಲ್ಲ. ಮೂರು ದಿನದಿಂದ ಎದೆ ಗೊರಗೊರ ಅನ್ನುತ್ತಿದೆ. ಕಫ ಅಂತಾರೆ ಅತ್ತೆ. ಎಷ್ಟು ಚೆನ್ನಾಗಿ ಮಲಗುತ್ತೆ ನೋಡು ಅಂತ ಎಲ್ಲರಿಗೂ ಹೇಳ್ತಾರೆ. ಏನಾದರೂ ಆಗುತ್ತಾ?

ಡಾಕ್ಟರ್: ಉಳಿದವರು ಸ್ವಲ್ಪ ಸುಮ್ಮನಿರಿ. ಅಮ್ಮಾ, ಈಗ ಮಗು ಎಚ್ಚರ ಇದೆಯಾ? ದಿನಕ್ಕೆ ಎಷ್ಟು ಸಲ ಉಚ್ಚೆ ಹೋಗುತ್ತಿದೆ? ಸರಿ ಬಿಟ್ಟು ಬೇರೆ ಏನಾದರೂ ಕೊಡುತ್ತಿದ್ದಾರಾ? ಏನಿದ್ದರೂ ಬರೆಯಿರಿ, ಯಾರೂ ಬೈಯೋದಿಲ್ಲ.

ಹೆಸರು ಬೇಡ: ಮಲಗಿದ್ದಾನೆ. ಮೂರು ಸಲ ಇರಬಹುದು. ಸಂಜೆ ಗಸಗಸೆ ಅರೆದು ಹಾಲಲ್ಲಿ ಒಂದು ಒಳಲೆ ಹಾಕ್ತಾರೆ.

ಡಾಕ್ಟರ್: ಇದನ್ನು ಓದಿದ ತಕ್ಷಣ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.

ಯಾಕೆ ಹೇಳುತ್ತೇನೆ ಕೇಳಿ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು, ನಿಮ್ಮ ಮಗುವಿಗೆ ಅದರ ಅರ್ಧದಷ್ಟೇ ಏರಿದೆ. ಉಚ್ಚೆ ಆರು ಸಲಕ್ಕಿಂತ ಕಡಿಮೆ ಅಂದರೆ ಹಾಲು ಹೊಟ್ಟೆಗೆ ಹೋಗುತ್ತಿಲ್ಲ. ಮೂಗು ಹಿಡಿದಾಗ ಮಗು ಬಾಯಲ್ಲೇ ಉಸಿರು ಎಳೆಯುತ್ತದೆ, ಆಗ ಬಾಯಲ್ಲಿರುವ ಸರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಗೊರಗೊರ ಅದರಿಂದಲೇ ಇರಬಹುದು, ನ್ಯುಮೋನಿಯಾ ಆಗಿರಬಹುದು. ಇದರ ಮೇಲೆ ಗಸಗಸೆ. ಹಸಿದ ಮಗು ಹಾಲಿಗೂ ಏಳುತ್ತಿಲ್ಲ ಅಂದರೆ ಅದು ಅಪಾಯದ ಸೂಚನೆ, ಒಳ್ಳೆಯ ನಿದ್ದೆ ಅಲ್ಲ.

ಅಂಗಿ ಎತ್ತಿ ಹೊಟ್ಟೆ ನೋಡಿ. ಮಗು ಅಳದೆ ಇರುವಾಗ ಒಂದು ನಿಮಿಷ ಉಸಿರು ಎಣಿಸಿದರೆ 50 ಅಥವಾ ಜಾಸ್ತಿ ಬಂದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿ ಇದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ 108ಕ್ಕೆ ಫೋನ್ ಮಾಡಿ. ಇದ್ಯಾವುದೂ ಇಲ್ಲದಿದ್ದರೂ ಹೋಗಲೇಬೇಕು, ಉಸಿರು ನಿಧಾನ ಆಗಿದ್ದರೂ ಅಷ್ಟೇ ಅಪಾಯ. ದಾರಿಯಲ್ಲಿ ಏನೂ ಹೊಯ್ಯಬೇಡಿ. ಮಗು ತಾನಾಗಿ ಎಚ್ಚರಾಗಿ ಬಾಯಿ ಹಾಕಿದರೆ ಮಾತ್ರ ಎದೆಗೆ ಹಿಡಿಯಿರಿ. ತಾಯಿ ಕಾರ್ಡ್ ತೆಗೆದುಕೊಳ್ಳಿ, ಗಸಗಸೆ ಪೊಟ್ಟಣ ಕೂಡ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಎಷ್ಟು ಕೊಟ್ಟರು ಅಂತ ಅವರೇ ಡಾಕ್ಟರಿಗೆ ಹೇಳಲಿ. ದಾರಿಯಲ್ಲಿ ಜಗಳ ಬೇಡ.

ಹೆಸರು ಬೇಡ: ಭಾವ ಕಾರು ತರುತ್ತಿದ್ದಾರೆ.

ತುಮಕೂರಿನ ಅಜ್ಜಿ: ಒಳಲೆಯಲ್ಲಿ ಹೊಯ್ಯೋದು ನಾವೂ ಮಾಡಿದ್ದೇವೆ. ಮೂಗು ಹಿಡಿಯೋದು ಮಾತ್ರ ತಪ್ಪು.

ಎರಡು ಮಕ್ಕಳ ತಾಯಿ: ಈಗಲೂ ಸಮರ್ಥನೆಯೇ ಅಲ್ವಾ!

ತುಮಕೂರಿನ ಅಜ್ಜಿ: ತಪ್ಪು ಅಂತಲೇ ತಾನೇ ಹೇಳಿದ್ದು. ಓದೋಕೆ ಬರೋದಿಲ್ವಾ?

ಬಾಗಲಕೋಟೆ ಅಕ್ಕ: ನಮ್ಮಲ್ಲಿ ಗಸಗಸೆ ಕೊಡದ ಮನೆ ಇಲ್ಲ, ಏನೂ ಆಗಿಲ್ಲ.

ಡಾಕ್ಟರ್: ಒಂದು ಮಗು ಈಗ ಆಸ್ಪತ್ರೆಗೆ ಹೋಗುತ್ತಿದೆ. ನಿಮ್ಮ ಪೋಸ್ಟ್ ಇನ್ನೂ ಮೇಲೆ ಹಾಗೇ ಇದೆ. ಅಡ್ಮಿನ್, ಅದನ್ನು ತೆಗೆಯದಿದ್ದರೆ ನಾನು ಈ ಗ್ರೂಪಿನಲ್ಲಿ ಇರೋದಿಲ್ಲ.

ಅಡ್ಮಿನ್: ತೆಗೆದಿದ್ದೇನೆ.

ಹಾಸನ ಪುಟ್ಟಿ: ಮೇಡಂ, ರಾಗಿ ಬೇಡ ಅಂದರೆ ಅಕ್ಕಿ ಗಂಜಿ ಕೊಡಬಹುದಾ, ಐದು ತಿಂಗಳಿಗೆ?

ಡಾಕ್ಟರ್: ಆರು.

ಹೆಸರು ಬೇಡ: ಅಡ್ಮಿಟ್ ಮಾಡಿಕೊಂಡಿದ್ದಾರೆ. ಎಕ್ಸ್‌ರೇಯಲ್ಲಿ ಬಲಗಡೆ ನ್ಯುಮೋನಿಯಾ ಅಂದರು. ಆಕ್ಸಿಜನ್ ಹಾಕಿದ್ದಾರೆ. ಅತ್ತೆ ಎಲ್ಲ ಹೇಳಿದರು, ಹೊರಗೆ ಬೆಂಚಿನ ಮೇಲೆ ಕೂತು ಅಳುತ್ತಿದ್ದಾರೆ.

ಡಾಕ್ಟರ್: ಸರಿಯಾದ ಕಡೆ ಇದ್ದೀರಿ. ಮಗುವಿಗೆ ಈಗ ಕುಡಿಸಲು ಆಗದಿದ್ದರೂ ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಹಿಂಡಿ ತೆಗೆಯಿರಿ, ಇಲ್ಲದಿದ್ದರೆ ಹಾಲು ಇಳಿಯುತ್ತದೆ. ಸಿಸ್ಟರ್ ಹತ್ತಿರ ಬಟ್ಟಲು ಕೇಳಿ. ಅತ್ತೆಗೆ ಮೊದಲು ಊಟ ಮಾಡಿಸಿ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಅಜ್ಜಿಯವರು ಮತ್ತು ಎರಡು ಮಕ್ಕಳ ತಾಯಿಯವರು ಇನ್‌ಬಾಕ್ಸಿನಲ್ಲಿ ಮುಂದುವರಿಸಿಕೊಳ್ಳಿ.

ಅವಳಿ ಅಮ್ಮ: ಮುಚ್ಚಬೇಡಿ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.