ಅತ್ತಿಗೆ, ಮೊದಲು ತಟ್ಟೆ ಮುಂದಿನ ಜಗಳ ನಿಲ್ಲಲಿ

ಅತ್ತಿಗೆ, ನಿಮ್ಮ ಮೆಸೇಜು ಈಗ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೇ ಉದ್ದಕ್ಕೆ ಹೇಳುತ್ತಿದ್ದೇನೆ. ಕೈಗೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ. ನೀವು ಹೇಳಿದ್ದು ಇಷ್ಟು: ದೊಡ್ಡವಳಿಗೆ ಒಂಬತ್ತು ವರ್ಷ ಆದರೂ ತರಕಾರಿ ಆರಿಸಿ ಆರಿಸಿ ತಟ್ಟೆಯ ಅಂಚಿಗೆ ತಳ್ಳುತ್ತಾಳೆ. ನಾಲ್ಕು ವರ್ಷದ ಚಿಕ್ಕವನು ಹಸಿರು ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ. ಅಣ್ಣ 'ನನಗೆ ಬೇಡ, ಮಕ್ಕಳಿಗೆ ಹಾಕು' ಅನ್ನುತ್ತಾನೆ. ತಂದ ಹಣ್ಣು ಫ್ರಿಜ್ಜಿನಲ್ಲೇ ಸುಕ್ಕಾಗುತ್ತದೆ. ಅದಕ್ಕೆ ನಮ್ಮ ಮನೆಯವರ ಈ ಗುಂಪಿನಲ್ಲಿ ಆಗಲೇ ಎರಡು ಸಲಹೆ ಬಂದಿವೆ. ಒಂದು, ತಿಂದರೆ ಚಾಕೊಲೇಟ್ ಕೊಡ್ತೀನಿ ಅನ್ನಿ. ಇನ್ನೊಂದು, ರುಬ್ಬಿ ಗೊತ್ತಾಗದ ಹಾಗೆ ಸೇರಿಸಿ. ಹೇಳಿದವರು ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ನನಗೆ ಎರಡೂ ಒಪ್ಪಿಗೆ ಇಲ್ಲ.

ಚಾಕೊಲೇಟ್ ವಿಷಯ ಮೊದಲು. 'ಬೀನ್ಸ್ ತಿಂದರೆ ಚಾಕೊಲೇಟ್' ಅಂದಾಗ ಮಗುವಿಗೆ ಕೇಳಿಸುವುದೇನು? ಬೀನ್ಸ್ ಅನ್ನೋದು ಕಷ್ಟಪಟ್ಟು ಮುಗಿಸಬೇಕಾದ ಕೆಲಸ, ಚಾಕೊಲೇಟ್ ಅದರ ಕೂಲಿ ಅಂತ. ಲಿಯಾನ್ ಬರ್ಚ್ ಎಂಬ ಅಮೆರಿಕದ ಸಂಶೋಧಕಿ 1980ರ ದಶಕದಲ್ಲಿ ಚಿಕ್ಕ ಮಕ್ಕಳ ಮೇಲೆ ಇದನ್ನೇ ನೋಡಿದ್ದರು. ಇನ್ನೇನೋ ಸಿಗುತ್ತದೆ ಅನ್ನುವ ಷರತ್ತಿನ ಮೇಲೆ ತಿನ್ನಿಸಿದ, ಕುಡಿಸಿದ ಪದಾರ್ಥದ ಮೇಲೆ ಮಕ್ಕಳಿಗೆ ಆಮೇಲೆ ಇಷ್ಟ ಕಡಿಮೆಯಾಗಿತ್ತು. ಅವತ್ತಿನ ಮಟ್ಟಿಗೆ ಬೀನ್ಸ್ ಹೊಟ್ಟೆಗೆ ಹೋಗುತ್ತದೆ ನಿಜ, ಆದರೆ ಅದರ ಮೇಲಿನ ಸಿಟ್ಟು ಬೆಳೆಯುತ್ತದೆ. ಏನಾದರೂ ಕೊಡಲೇಬೇಕು ಅನಿಸಿದರೆ ತಿನ್ನುವ ವಸ್ತು ಬೇಡ. ಹೊಸದೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಕೊಡಿ. ಅಷ್ಟು ಸಾಕು.

ಎಲೆನ್ ಸ್ಯಾಟರ್ ಅಂತ ಒಬ್ಬ ಆಹಾರ ತಜ್ಞೆ ಇದ್ದಾರೆ. ಅವರು ಹೇಳುವ ಕ್ರಮ ನನಗೆ ತುಂಬಾ ಸರಿ ಅನಿಸುತ್ತದೆ. ಏನು ಬಡಿಸಬೇಕು, ಯಾವಾಗ, ಎಲ್ಲಿ, ಇವು ಮೂರೂ ದೊಡ್ಡವರ ಕೈಯಲ್ಲಿ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು, ಇದು ಮಗುವಿನ ಕೈಯಲ್ಲಿ. ಅಂದರೆ ನೀವು ದಿನವೂ ತರಕಾರಿ ಇಡುತ್ತೀರಿ, ಅದರಲ್ಲಿ ರಾಜಿ ಇಲ್ಲ. ಆದರೆ 'ಇನ್ನೊಂದು ತುತ್ತು, ಅಮ್ಮನಿಗೋಸ್ಕರ' ಅನ್ನುವುದನ್ನು ನಿಲ್ಲಿಸುತ್ತೀರಿ. ಬೇಡ ಅಂದರೆ 'ಸರಿ' ಅಂತ ಹೇಳಿ ಬೇರೆ ಮಾತಿಗೆ ಹೋಗಿ. ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಮಕ್ಕಳು ಅದನ್ನೂ ನೋಡುತ್ತಾರೆ. ಹಾಗಂತ ಅವನು ಬಿಟ್ಟದ್ದಕ್ಕೆ ಬದಲಾಗಿ ಇನ್ನೊಂದು ಮಾಡಿಕೊಡುವುದೂ ಬೇಡ. ಊಟದಲ್ಲಿ ಅವನು ಒಪ್ಪುವ ಒಂದು ಪದಾರ್ಥ ಹೇಗೂ ಇರುತ್ತದಲ್ಲ, ಹೊಟ್ಟೆ ಖಾಲಿ ಇರುವುದಿಲ್ಲ.

ಚಿಕ್ಕವನ ಹಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರಕ್ಕೆ ಹೆದರುವುದು ಮಕ್ಕಳಲ್ಲಿ ತುಂಬಾ ಸಾಮಾನ್ಯ. ಒಂದು ಹೊಸ ತರಕಾರಿ ಒಗ್ಗಬೇಕಾದರೆ ಎಂಟು ಹತ್ತು ಸಲ, ಕೆಲವರಿಗೆ ಹದಿನೈದು ಸಲದವರೆಗೂ ರುಚಿ ನೋಡಬೇಕಾಗುತ್ತದೆ. ಬಹಳ ಮನೆಗಳಲ್ಲಿ ಮೂರನೆಯದೋ ನಾಲ್ಕನೆಯದೋ ಸಲಕ್ಕೇ 'ನಮ್ಮ ಮಗು ಇದನ್ನ ತಿನ್ನಲ್ಲ' ಅಂತ ತೀರ್ಮಾನ ಆಗಿಬಿಡುತ್ತದೆ. ಹಾಗಾಗಬಾರದು. ಇಡುವುದು ಬಟಾಣಿ ಕಾಳಿನಷ್ಟೇ ಇರಲಿ. ಮೂಸಿ ನೋಡಿದ, ಮುಟ್ಟಿದ, ಬಾಯಿಗಿಟ್ಟು ಉಗುಳಿದ ಅಂದರೂ ಒಂದು ಹೆಜ್ಜೆ ಮುಂದೆ ಹೋದ ಹಾಗೇ.

ದೊಡ್ಡವಳು ಎಲೆಕೋಸು, ಹೂಕೋಸು ಕಹಿ ಅನ್ನುತ್ತಾಳೆ ಅಂತ ನೀವೇ ಒಮ್ಮೆ ಹೇಳಿದ್ದಿರಿ. ಅವಳು ಸುಮ್ನೆ ನೆಪ ಹೇಳುತ್ತಿಲ್ಲ ಅತ್ತಿಗೆ. ಕಹಿ ಎಲ್ಲರ ನಾಲಿಗೆಗೂ ಒಂದೇ ಸಮ ತಟ್ಟುವುದಿಲ್ಲ. ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತಂತೆ. ಜೊತೆಗಿದ್ದವರು ಬಾಯೆಲ್ಲ ಕಹಿ ಅಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ವ್ಯತ್ಯಾಸ ಹುಟ್ಟಿನಿಂದಲೇ ಬರುತ್ತದೆ, ಒಂದು ಜೀನ್ ಅದಕ್ಕೆ ಮುಖ್ಯ ಕಾರಣ ಅಂತ ಆಮೇಲೆ ತಿಳಿಯಿತು. ಕೋಸಿನ ಜಾತಿಯ ತರಕಾರಿಗಳ ಕಹಿಗೂ ಅದಕ್ಕೂ ನಂಟಿದೆ. ನಿಮಗೆ ಸಪ್ಪೆ ಅನಿಸಿದ್ದು ಅವಳಿಗೆ ನಿಜವಾಗಿಯೂ ಕಹಿ ಇರಬಹುದು. 'ಏನೂ ಕಹಿ ಇಲ್ಲ, ತಿನ್ನು' ಅಂದರೆ ತನ್ನ ಮಾತು ಯಾರೂ ನಂಬುವುದಿಲ್ಲ ಅಂತ ಅವಳಿಗೆ ಅನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನನ್ನು ಕೇಳಿದರೆ, ಏನು ಕೊಡುತ್ತೀರಿ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಕೊಡುತ್ತೀರಿ ಅನ್ನುವುದು ದೊಡ್ಡದು. ಊಟಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ ಮಕ್ಕಳು ಅಡುಗೆಮನೆಗೆ ನುಗ್ಗಿ 'ತಿನ್ನಕ್ಕೆ ಏನಿದೆ' ಅಂತ ಡಬ್ಬ ಎಲ್ಲ ತೆಗೆದು ನೋಡುತ್ತಾರಲ್ಲ, ಆ ಹೊತ್ತು ಹಿಡಿಯಿರಿ. ಆಗ ಬಿಸ್ಕತ್ತು ಸಿಕ್ಕಿದರೆ ಆ ಹಸಿವೆಲ್ಲ ಬಿಸ್ಕತ್ತಿಗೇ ಹೋಯಿತು. ಅದರ ಬದಲು ಒಂದು ಅಗಲ ತಟ್ಟೆಯಲ್ಲಿ ಸೌತೆಕಾಯಿ ಬಿಲ್ಲೆ, ಅರ್ಧ ಬೆಂದ ಕ್ಯಾರೆಟ್ ತುಂಡು, ಹೆಚ್ಚಿದ ಟೊಮೆಟೊ, ಮೇಲೆ ಚಿಟಿಕೆ ಉಪ್ಪು, ನಿಂಬೆರಸ. ಪಕ್ಕಕ್ಕೆ ಅದ್ದಿಕೊಳ್ಳಲು ಒಂದು ಬಟ್ಟಲು ಗಟ್ಟಿ ಮೊಸರು. ಮೇಜಿನ ಮೇಲೆ ಇಟ್ಟು ನೀವು ನಿಮ್ಮ ಕೆಲಸ ನೋಡಿಕೊಳ್ಳಿ. 'ತಿನ್ನಿ' ಅಂತ ಕರೆಯಬೇಡಿ, 'ಎಷ್ಟು ತಿಂದಿರಿ' ಅಂತ ಲೆಕ್ಕ ಕೇಳಬೇಡಿ. ಮೊದಲ ದಿನ ಹಾಗೇ ಉಳಿಯಬಹುದು, ಮಾರನೇ ದಿನವೂ ಇಡಿ. ಹಸಿದ ಕೈ ಎದುರಿಗೆ ಇದ್ದುದರ ಕಡೆ ತಾನಾಗಿ ಹೋಗುತ್ತದೆ. ಶಿಶುವಿಹಾರದ ಮಕ್ಕಳಿಗೆ ಊಟಕ್ಕೆ ಮುಂಚೆ ಬರೀ ಕ್ಯಾರೆಟ್ ಕೊಟ್ಟು ನೋಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. 30 ಗ್ರಾಂ ಬದಲು 60 ಗ್ರಾಂ ಇಟ್ಟಾಗ ಮಕ್ಕಳು ಜಾಸ್ತಿಯೇ ತಿಂದಿದ್ದರು. ಎದುರಿಗೆ ಬೇರೆ ತಿಂಡಿಯ ಪೈಪೋಟಿ ಇರಲಿಲ್ಲ, ಅಷ್ಟೇ ಅದರ ಗುಟ್ಟು.

ಇನ್ನು ಬೇಯಿಸುವ ವಿಷಯ. ತರಕಾರಿ ದ್ವೇಷಿಸುವ ಎಷ್ಟೋ ಜನ ನಿಜವಾಗಿ ದ್ವೇಷಿಸುವುದು ಅತಿಯಾಗಿ ಬೆಂದ ತರಕಾರಿಯನ್ನು. ಹೂಕೋಸನ್ನೇ ತಗೊಳ್ಳಿ. ಅದರಲ್ಲಿ ಗಂಧಕ ಇರುವ ಅಂಶಗಳಿವೆ. ನೀರಿನಲ್ಲಿ ಹೊತ್ತು ಮೀರಿ ಕುದಿಸಿದಷ್ಟೂ ಆ ವಾಸನೆ ಏಳುತ್ತದೆ, ಹೂವು ಮೆತ್ತಗಾಗಿ ನೀರು ಬಿಡುತ್ತದೆ. ಅದನ್ನೇ ಬೇರೆ ಥರ ಮಾಡಿ ನೋಡಿ. ಒಂದೇ ಗಾತ್ರಕ್ಕೆ ಬಿಡಿಸಿಕೊಂಡು, ತೊಳೆದು, ಬಟ್ಟೆಯಲ್ಲಿ ಒತ್ತಿ ಪೂರ್ತಿ ನೀರಾರಿಸಿ. ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸವರಿ. ಅಗಲ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೇ ಪದರವಾಗಿ ಹರಡಿ, ಒಂದು ಬದಿ ಕೆಂಪಾಗುವವರೆಗೂ ಕೈಯಾಡಿಸಬೇಡಿ. ಒತ್ತೊತ್ತಾಗಿ ತುಂಬಿದರೆ ಅದು ಹುರಿಯುವುದಿಲ್ಲ, ತನ್ನದೇ ಹಬೆಯಲ್ಲಿ ಬೇಯುತ್ತದೆ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಅಂಚು ಕೆಂಪಾಗಿ ಗರಿಗರಿ ಆದಾಗ ಕಹಿ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಉಪ್ಪಿಗೂ ಕಹಿ ಮುಚ್ಚುವ ಗುಣ ಇದೆ. ದೊಡ್ಡವಳಿಗೆ ಒಲೆಯಿಂದ ಇಳಿಸಿದ ತಕ್ಷಣ ಬಾಣಲೆಯಿಂದಲೇ ಒಂದು ತುಂಡು ತೆಗೆದುಕೊಳ್ಳಲು ಬಿಡಿ.

ಬೀನ್ಸ್, ಬಟಾಣಿ, ಪಾಲಕ್ ಹಸಿರಾಗಿಯೇ ಉಳಿಯಬೇಕಾದರೆ ಮೊದಲ ಕೆಲವು ನಿಮಿಷ ಮುಚ್ಚಳ ತೆರೆದಿರಲಿ, ಹುಳಿ ಹಿಂಡುವುದು ಕೊನೆಗೆ. ಹುಳಿ ತಗುಲಿದರೆ ಹಸಿರು ಬಣ್ಣ ಮಾಸಲಾಗುತ್ತದೆ. ಮಕ್ಕಳು ಮೊದಲು ಕಣ್ಣಿನಲ್ಲೇ ತಿನ್ನುವುದು, ಅಲ್ವಾ? ಎಣ್ಣೆಗೆ ಹೆದರಬೇಡಿ. ಕ್ಯಾರೆಟ್, ಪಾಲಕ್ ಇವುಗಳಲ್ಲಿನ ಬೀಟಾ ಕ್ಯಾರೊಟಿನ್, ಅಂದರೆ ಮೈ ವಿಟಮಿನ್ ಎ ಮಾಡಿಕೊಳ್ಳುವ ಅಂಶ, ಮೈಗೆ ಸೇರಬೇಕಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು. ಕೆಲಸದಿಂದ ಸುಸ್ತಾಗಿ ಬಂದ ದಿನ ಹೆಚ್ಚುವುದಕ್ಕೆ ಆಗದಿದ್ದರೆ ಫ್ರೋಜನ್ ಬಟಾಣಿ, ಬೀನ್ಸ್ ಬಳಸಿ. ಅದರಲ್ಲಿ ಸತ್ವ ಇಲ್ಲ ಅನ್ನುವ ಮಾತು ಸುಳ್ಳು.

ರುಬ್ಬಿ ಸೇರಿಸುವ ಸಲಹೆ ಬಗ್ಗೆ ಹೇಳಿಬಿಡುತ್ತೇನೆ. ಸೇರಿಸಬೇಡಿ ಅನ್ನುತ್ತಿಲ್ಲ, ಸೂಪಿಗೋ ಸಾಸಿಗೋ ಹಾಕಿ, ಒಳ್ಳೆಯದೇ. ಆದರೆ ಬಚ್ಚಿಟ್ಟು ತಿನ್ನಿಸಿದರೆ ಮಗು ಆ ತರಕಾರಿಯನ್ನು ಕಣ್ಣಿಂದ ನೋಡಿ ಒಪ್ಪಿಕೊಳ್ಳುವುದು ಕಲಿಯುವುದೇ ಇಲ್ಲ. ಒಂದು ದಿನ ಗೊತ್ತಾದರೆ ಇಷ್ಟಪಡುತ್ತಿದ್ದ ಸೂಪಿನ ಮೇಲೂ ಅನುಮಾನ ಶುರುವಾಗುತ್ತದೆ. ಏನು ಹಾಕಿದ್ದೀರಿ ಅಂತ ಹೇಳಿಯೇ ಹಾಕಿ. ಇನ್ನೂ ಒಳ್ಳೆಯದು ಅಂದರೆ ದೊಡ್ಡವಳ ಕೈಯಲ್ಲೇ ಹಾಕಿಸಿ.

ಹಣ್ಣು ಸುಲಭ. ಫ್ರಿಜ್ಜಿನ ತಳದ ಡಬ್ಬದಲ್ಲಿ ಇದ್ದರೆ ಯಾರೂ ತೆಗೆಯುವುದಿಲ್ಲ. ಬಾಳೆಹಣ್ಣು, ಸೇಬು, ಕಿತ್ತಳೆ ಮೇಜಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಡಿ, ಬಿಸ್ಕತ್ತಿನ ಡಬ್ಬ ಮೇಲಿನ ಕಪಾಟಿಗೆ ಹೋಗಲಿ. ಬಾಳೆ, ಸೇಬು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಪಕ್ಕದಲ್ಲಿರುವ ಸೊಪ್ಪು ಬೇಗ ಹಳದಿಯಾಗುತ್ತದೆ. ಅವನ್ನು ದೂರ ದೂರ ಇಡಿ. ಹೆಚ್ಚಿಟ್ಟರೆ ಇನ್ನೂ ಬೇಗ ಖಾಲಿ. ಸೇಬಿಗೆ ನಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ. ಜ್ಯೂಸ್ ಮಾತ್ರ ಹಣ್ಣಿಗೆ ಸಮ ಅಂತ ಅಂದುಕೊಳ್ಳಬೇಡಿ. ನಾರು ಹೋಗಿ ಸಕ್ಕರೆ ಉಳಿಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಜ್ಯೂಸಿನ ಸಕ್ಕರೆಯನ್ನು ಮಿತವಾಗಿರಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಚಿಕ್ಕವನಿಗೆ ದ್ರಾಕ್ಷಿ ಇಡಿಯಾಗಿ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ. ಹಸಿ ಕ್ಯಾರೆಟ್ಟನ್ನೂ ಅವನಿಗೆ ತುರಿದೋ ಬೇಯಿಸಿಯೋ ಕೊಡಿ.

ಅಣ್ಣಾ, ನೀನೂ ಇದೇ ಗುಂಪಿನಲ್ಲಿದ್ದೀಯ, ಇದು ನಿನಗೆ. ಮಕ್ಕಳು ತಿನ್ನಬೇಕು ಅಂತ ಅತ್ತಿಗೆ ಒಬ್ಬರೇ ಒದ್ದಾಡಿದರೆ ಆಗುವುದಿಲ್ಲ. ಅಪ್ಪನ ತಟ್ಟೆಯಲ್ಲಿ ಇಲ್ಲದ್ದನ್ನು ಮಗ ಯಾಕೆ ತಿನ್ನಬೇಕು ಹೇಳು? ನೀನು ಉಪದೇಶ ಮಾಡಬೇಕಿಲ್ಲ. ಅವರ ಎದುರಿಗೆ ಕೂತು, ಬಡಿಸಿದ್ದನ್ನು ಸಮಾಧಾನವಾಗಿ ತಿನ್ನು. ವಾರಕ್ಕೊಮ್ಮೆ ತರಕಾರಿ ತರಲು ಮಕ್ಕಳನ್ನು ಕರೆದುಕೊಂಡು ಹೋಗು, ಒಂದನ್ನು ಅವರೇ ಆರಿಸಲಿ.

ಅಪ್ಪನಿಗೆ ಹಲ್ಲಿನ ತೊಂದರೆ ಅಲ್ವಾ ಅತ್ತಿಗೆ, ಅವರಿಗೆ ಮೆತ್ತಗೆ ಬೇಯಿಸಿದ ಕ್ಯಾರೆಟ್, ಕುಂಬಳ, ಮಾಗಿದ ಬಾಳೆ ಸರಿ. ಯಾರಿಗೇ ಆಗಲಿ ಮೂತ್ರಪಿಂಡದ ತೊಂದರೆ ಇದ್ದರೆ ಹಣ್ಣಿನಲ್ಲಿರುವ ಪೊಟ್ಯಾಸಿಯಂ ಎಂಬ ಖನಿಜ ರಕ್ತದಲ್ಲಿ ಜಾಸ್ತಿ ಆಗಬಹುದು, ಡಾಕ್ಟರನ್ನು ಕೇಳಿಯೇ ಹಣ್ಣು ಹೆಚ್ಚಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪನ್ನು ಒಮ್ಮೆಲೇ ಜಾಸ್ತಿ ಕಡಿಮೆ ಮಾಡಬಾರದು. ಗುಂಪಿನಲ್ಲಿ ಹಿರಿಯರು ಬಹಳ ಇದ್ದೀರಿ, ಅದಕ್ಕೇ ಹೇಳಿದೆ.

ಎಷ್ಟು ತಿನ್ನಬೇಕು ಅಂತಲೂ ಕೇಳಿದ್ದಿರಿ. ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷ ದಾಟಿದವರಿಗೆ ಹಣ್ಣು ತರಕಾರಿ ಎಲ್ಲ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಅನ್ನುತ್ತದೆ, ಆಲೂಗಡ್ಡೆಯಂಥ ಗೆಡ್ಡೆ ಲೆಕ್ಕಕ್ಕಿಲ್ಲ. ನಿಮ್ಮ ದೊಡ್ಡವಳ ವಯಸ್ಸಿಗೆ 350, ಚಿಕ್ಕವನಿಗೆ 250. ನಾಳೆಯೇ ಅಷ್ಟು ಮುಟ್ಟಿಸಲು ಹೋಗಬೇಡಿ. ನಾರು ಏಕಾಏಕಿ ಹೆಚ್ಚಾದರೆ ಹೊಟ್ಟೆ ಉಬ್ಬರ, ಆಮೇಲೆ ಅದಕ್ಕೂ ತರಕಾರಿಯ ಮೇಲೇ ದೂರು. ನಿಧಾನವಾಗಿ ಏರಿಸಿ, ನೀರು ಜಾಸ್ತಿ ಕುಡಿಯಲಿ. ಈ ವಾರ ಊಟಕ್ಕೆ ಮುಂಚಿನ ಆ ತಟ್ಟೆ ಒಂದನ್ನೇ ಶುರು ಮಾಡಿ, ಉಳಿದದ್ದು ಆಮೇಲೆ. ದೊಡ್ಡವಳಿಗೆ ಯಾವ ತರಕಾರಿ ಕಂಡರೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಅಂತ ಅವಳನ್ನೇ ಕೇಳಿ ಇಲ್ಲಿ ಹಾಕಿ ಅತ್ತಿಗೆ, ಅದನ್ನು ಬೇರೆ ಹೇಗೆ ಮಾಡಬಹುದು ಅಂತ ನಾನು ಹೇಳುತ್ತೇನೆ.