ಹೊಸ ಫ್ಯಾನ್ ಬೆಲ್ಟ್ ಹಾಕಿಸಿದರೂ ‘ಕೀಂಯ್’ ನಿಂತಿಲ್ಲ

ಪ್ರಶ್ನೆ:
ಪುಣೆಯ ಸಿಂಹಗಡ ರಸ್ತೆಯಲ್ಲಿದ್ದೇನೆ. 2014ರ ಡೀಸೆಲ್ ಕಾರು, 92 ಸಾವಿರ ಕಿ.ಮೀ. ಓಡಿದೆ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಚೀರುತ್ತದೆ, ವಾಚ್‌ಮನ್ ಎದ್ದು ಬರುತ್ತಾನೆ. ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ಗ್ಯಾರೇಜಿನವರು ಬೆಲ್ಟ್ ಬದಲಿಸಿದರು. ಎಂಟು ದಿನ ತೆಪ್ಪಗಿತ್ತು, ಮತ್ತೆ ಅದೇ ರಾಗ. ಈಗ ಡೈನಮೋ ಬದಲಿಸಿ ಅಂತಿದ್ದಾರೆ. ಗಣಪತಿ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಏನು ಮಾಡಲಿ?

ಉತ್ತರ:
ಡೈನಮೋಗೆ ಈಗಲೇ ದುಡ್ಡು ಸುರಿಯಬೇಡಿ ಸರ್. ಸ್ಟಾರ್ಟ್ ಆದ ಕೂಡಲೇ ಡೈನಮೋ ಬ್ಯಾಟರಿ ತುಂಬಿಸಲು ಜೋರಾಗಿ ದುಡಿಯುತ್ತದೆ. ಎ.ಸಿ. ಹಾಕಿದರೆ ಕಂಪ್ರೆಸರ್ ಹೊರೆಯೂ ಅದೇ ಬೆಲ್ಟಿನ ಮೇಲೆ. ಹೊರೆ ಬಿದ್ದಾಗ ಮಾತ್ರ ಚೀರಿದರೆ ಬೆಲ್ಟ್ ಜಾರುತ್ತಿದೆ ಅಂತ ನನ್ನ ಅನುಮಾನ.

ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಇರುತ್ತದಲ್ವಾ, ಅದು ಸಾಕು. ಇಂಜಿನ್ ಓಡುವಾಗ ದೂರದಿಂದಲೇ ಬೆಲ್ಟಿನ ಒಳಮೈಗೆ, ಸಾಲುಗಳಿರುವ ಕಡೆ, ಸ್ವಲ್ಪ ಚಿಮುಕಿಸಿ. ತೋಳು, ಟವೆಲ್, ಐಡಿ ಕಾರ್ಡಿನ ದಾರ ಹತ್ತಿರ ಹೋಗಬಾರದು. ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಗಾಲಿ, ಸೊಟ್ಟ ಕೂತಿದೆ. ಜೋರಾದರೆ ಬಿಗಿ ಸಾಲದು. ಏನೂ ವ್ಯತ್ಯಾಸವಿಲ್ಲದಿದ್ದರೆ ಬೇರಿಂಗ್ ನೋಡಬೇಕು.

ಬೆಲ್ಟಿಗೆ ಹೊಡೆಯುವ ಸ್ಪ್ರೇ ಮಾತ್ರ ತರಬೇಡಿ. ಎರಡು ದಿನ ಬಾಯಿ ಮುಚ್ಚಿಸುತ್ತದೆ ಅಷ್ಟೇ, ಆಮೇಲೆ ಧೂಳು ಮೆತ್ತಿಕೊಂಡು ಇನ್ನೂ ಹಾಳು.

ಪ್ರಶ್ನೆ ಕೇಳಿದವರು:
ನೀರು ಬಿದ್ದ ಕೂಡಲೇ ಇನ್ನೂ ಜೋರಾಗಿ ಕಿರುಚಿತು!

ಉತ್ತರ:
ಹಾಗಾದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಿದೆ. ಅದರ ಸ್ಪ್ರಿಂಗ್ ಸಡಿಲವಾದರೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಇದೇ ಕಥೆ. ಇಂಜಿನ್ ತಣ್ಣಗಾಗಲಿ, ಕೀ ಜೇಬಿಗೆ ಹಾಕಿಕೊಳ್ಳಿ. ಬೆಲ್ಟ್ ಸುತ್ತಿದ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಫೋಟೋ ತೆಗೆಯದೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಟೆನ್ಷನರನ್ನು ಸ್ಪ್ಯಾನರಿನಿಂದ ತಿರುಗಿಸಿ ಬೆಲ್ಟ್ ಕಳಚಿ. ಆಮೇಲೆ ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ. ಒಳ್ಳೆಯದು ಸದ್ದಿಲ್ಲದೆ ತಿರುಗುತ್ತದೆ. ಕೆಟ್ಟದ್ದು ಬೀಸುಕಲ್ಲಿನ ಹಾಗೆ ಗರಗರ ಅನ್ನುತ್ತದೆ, ಆ ತರಿ ಬೆರಳಿಗೇ ತಾಗುತ್ತದೆ.

ಬೆಲ್ಟಿನ ಬೆನ್ನ ಮೇಲಿನ ನಂಬರೂ ನೋಡಿ. 6ಪಿಕೆ ಅಂದರೆ ಆರು ಸಾಲು, ಮುಂದಿನದು ಮಿಲಿಮೀಟರಿನಲ್ಲಿ ಉದ್ದ. ನಿಮ್ಮ ಗಾಡಿಯದ್ದಕ್ಕೆ ಹೊಂದಬೇಕು. ಬಿರುಕಿಲ್ಲ ಅಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಅಂತಲ್ಲ. ಈಗಿನವು ಟಯರಿನ ಹಾಗೆ ಸದ್ದಿಲ್ಲದೆ ಸವೆಯುತ್ತವೆ.

ಪ್ರಶ್ನೆ ಕೇಳಿದವರು:
ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಗರಗರ ಅಂತಿತ್ತು, ಟೆನ್ಷನರ್ ಮೆತ್ತಗೆ ಕೈಗೇ ಬಂತು. ಎರಡನ್ನೂ ಇಲ್ಲೇ ಪುಣೆಯ ನಾನಾ ಪೇಠಿನಲ್ಲಿ ತಂದೆ. ಮೊದಲ ಸಲ ಬೆಲ್ಟ್ ಒಂದು ಸಾಲು ಆಚೆ ಕೂತಿತ್ತು, ಟಾರ್ಚ್ ಹಿಡಿದು ನೋಡಿದಾಗ ಸಿಕ್ಕಿತು. ಹುಬ್ಬಳ್ಳಿ ದಾರಿಯ ಖಂಬಾಟ್ಕಿ ಘಾಟನ್ನು ಎ.ಸಿ. ಹಾಕಿಯೇ ಏರಿದೆ, ಚಕಾರವಿಲ್ಲ. ಆದರೆ ಬಾನೆಟ್ ಸುಮ್ನಾದ ಮೇಲೆ, ಡ್ಯಾಶ್‌ಬೋರ್ಡಿನೊಳಗೆ ಏನೋ ಟಿಕ್ ಟಿಕ್ ಅಂತಿದೆ ಅಂತ ಮನೆಯವಳು ಹೇಳುತ್ತಿದ್ದಾಳೆ.